ಮೂರು ತೊಲಿಯ ವಿಮಾನ

ಪಾರ್ಸೆಲ್ ತಂದ ಹುಡುಗ ಮೂರು ಸಲ ಫೋನ್ ಮಾಡಿದ. ಒಮ್ಮೆ ಬಸ್‌ಸ್ಟ್ಯಾಂಡಿನಿಂದ, ಒಮ್ಮೆ ಮುದ್ದೇಬಿಹಾಳ ರಸ್ತೆಯಿಂದ, ಕೊನೆಗೆ ನಮ್ಮ ಮನೆಯ ಕಟ್ಟೆಯ ಮೇಲೆಯೇ ನಿಂತು. "ಸರ, ನಿಮ್ಮ ಮನಿ ಸಿಗವಲ್ದು" ಅಂದ. ಕದ ತೆರೆದೆ. ನನ್ನ ಮುಖ ನೋಡಿ, ಕಿವಿಗೆ ಹಿಡಿದ ಫೋನಿನಲ್ಲಿಯೇ "ಸಿಕ್ತ್ರೀ ಸರ" ಅಂತ ಹೇಳಿ ಇಟ್ಟ.

ಡಬ್ಬಿ ಮಾತ್ರ ಭರ್ಜರಿಯಾಗಿತ್ತು, ಒಂದು ಮಿಕ್ಸರ್ ಆರಾಮಾಗಿ ಕೂಡ್ರುವಷ್ಟು. ಬಿಚ್ಚಿದರೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳು. ಅವುಗಳ ನಡುವೆ ಇನ್ನೊಂದು ಡಬ್ಬಿ, ಅದರೊಳಗೆ ಪಾರದರ್ಶಕ ತಟ್ಟೆ, ತಟ್ಟೆಯ ನಡುಮಧ್ಯೆ ಕಾಲು ಮಡಚಿಕೊಂಡ ಹಲ್ಲಿಯಂತೆ ಒಂದು ಯುದ್ಧವಿಮಾನ. ಪುಣೆಯಲ್ಲಿರುವ ಮಗ ತನ್ನ ಮಗನಿಗೆಂದು ತರಿಸಿದ್ದು. ಮೊಮ್ಮಗ ಸೂಟಿಗೆ ನಮ್ಮ ಹತ್ತಿರ ನಿಡಗುಂದಿಗೆ ಬಂದಿದ್ದಾನೆ, ವಯಸ್ಸು ಎಂಟು.

"ಮುತ್ಯಾ, ಇದು ಬರೇ ವಿಮಾನ ಅಲ್ಲ. ರೋಬೋ ಆಗತೈತಿ!"

ನನ್ನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು. "ಇಷ್ಟ ಏನು? ಎಣಗಾಯಿಗೆ ತರೂ ಬದನಿಕಾಯಿ ಇದಕ್ಕಿಂತ ದಪ್ಪ ಇರತಾವ" ಎಂದು ವಾಪಸ್ ಹೋದಳು. ಆಕೆಯ ಮಟ್ಟಿಗೆ ವಿಮರ್ಶೆ ಮುಗಿಯಿತು.

ನನ್ನದು ಹಾಗೆ ಮುಗಿಯುವುದಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಕಲಿಸಿದವನಿಗೆ ಒಂದು ವಸ್ತು ಸಣ್ಣದು ಅಂದರೆ ಸಾಲದು, ಎಷ್ಟು ಪಟ್ಟು ಸಣ್ಣದು ಅನ್ನುವುದು ಗೊತ್ತಾಗಬೇಕು. ಪಟ್ಟಿ ತಂದು ಅಳೆದೆ. ಮೂತಿಯಿಂದ ಬಾಲದವರೆಗೆ 11 ಸೆಂಟಿಮೀಟರ್. ಇದು ಯಾವ ವಿಮಾನದ ನಕಲು ಎಂದು ಮೊಮ್ಮಗನನ್ನು ಕೇಳಿದೆ. ಅಮೆರಿಕದ ಎಫ್-15 ಅಂದ. ಅಸಲಿ ಎಫ್-15ರ ಉದ್ದ 19.4 ಮೀಟರ್. ಭಾಗಿಸಿದರೆ 176 ಪಟ್ಟು.

ಈ 176 ಕೈಗೆ ಸಿಕ್ಕ ಮೇಲೆ ನನ್ನನ್ನು ಹಿಡಿಯುವವರು ಯಾರು? ನಿಡಗುಂದಿಯ ಸುತ್ತಲಿನದನ್ನೆಲ್ಲ ಅದರಿಂದ ಭಾಗಿಸುತ್ತ ಹೋದೆ. ಆಲಮಟ್ಟಿ ಅಣೆಕಟ್ಟು 1,565 ಮೀಟರ್ ಉದ್ದ. ಈ ಲೆಕ್ಕದಲ್ಲಿ ಅದು ನಮ್ಮ ಹಿತ್ತಲ ಬಾಗಿಲಿನಿಂದ ಹೊರಟು ಬೀದಿ ಬಾಗಿಲಿಗೆ ಮುಟ್ಟುತ್ತದೆ, ಸುಮಾರು ಒಂಬತ್ತು ಮೀಟರ್. ಅದರ ಎತ್ತರ ನನ್ನ ಕೈಯಲ್ಲಿದ್ದ ಒಂದು ಫೂಟಿನ ಪಟ್ಟಿಯಷ್ಟು. ಗೋಲಗುಮ್ಮಟದ ಮೇಲಿನ ಗುಮ್ಮಟಕ್ಕೆ ಹೊರಗಿನಿಂದ 44 ಮೀಟರ್ ಅಡ್ಡಳತೆ. ಭಾಗಿಸಿದರೆ 25 ಸೆಂಟಿಮೀಟರ್. ಅಡುಗೆಮನೆಯಲ್ಲಿ ಆಗಷ್ಟೇ ಬಡಿಯುತ್ತಿದ್ದ ಜೋಳದ ರೊಟ್ಟಿಗೆ ಹೋಗಿ ಪಟ್ಟಿ ಹಿಡಿದೆ. ಕರೆಕ್ಟ್ 25! 1656ರಲ್ಲಿ ಮುಗಿದ ಆ ಗುಮ್ಮಟ ನಮ್ಮ ಹಂಚಿನ ಮೇಲೆ ಉಬ್ಬುತ್ತಿತ್ತು. "ರೊಟ್ಟಿ ಅಳದ್ ತಿನ್ನೂದು ಯಾವಾಗಿಂದ ಸುರು ಆತು?" ಎಂದು ಹೆಂಡತಿ ಕೇಳಿದಳು. ಐದೂವರೆ ಫೂಟಿನ ನಾನು ಈ ಲೆಕ್ಕದಲ್ಲಿ ಜೋಳದ ಎರಡು ಕಾಳು ಒಂದರ ಮೇಲೊಂದು ಇಟ್ಟಷ್ಟು ಎತ್ತರ. ಇದನ್ನು ಆಕೆಗೆ ಹೇಳಲಿಲ್ಲ. ಆಕೆಗೆ ಮೊದಲಿನಿಂದಲೂ ಗೊತ್ತಿದ್ದ ಹಾಗೆ ಅನಿಸಿತು.

ಅಷ್ಟರಲ್ಲಿ ಮೊಮ್ಮಗ ವಿಮಾನವನ್ನು ರೋಬೋ ಮಾಡಿ, ರೋಬೋವನ್ನು ವಿಮಾನ ಮಾಡಿ, ಮತ್ತೆ ರೋಬೋ ಮಾಡಿದ್ದ. ಚಟ್, ಪಟ್, ಕಟ್. ಹಿಂದಿನ ಎರಡು ಎಂಜಿನ್ ಕಾಲಾದವು, ಮೂತಿ ಮಡಚಿ ಎದೆಯಾಯಿತು, ಎರಡೂ ಕೈಗಳು ಹೊಟ್ಟೆಯ ಕೆಳಗಿನಿಂದ ಹೊರಬಂದವು, ರೆಕ್ಕೆ ಬೆನ್ನಿಗೆ ಹೋದವು. ಎಲ್ಲಿಂದಲೋ ಒಂದು ತಲೆ ಎದ್ದಿತು. ಶೇಂಗಾ ಕಾಳಿನಷ್ಟು ತಲೆ, ಅದರಲ್ಲಿ ಸಾಸಿವೆಯಷ್ಟು ಕೆಂಪು ಕಣ್ಣು, ಆ ಕಣ್ಣಲ್ಲಿ ಮಾತ್ರ ಜಗತ್ತನ್ನೇ ಸುಡುವಷ್ಟು ಸಿಟ್ಟು.

ವಿಮಾನವಿದ್ದಾಗ ಅದನ್ನು ತಿರುವಿ ಹಾಕಿ ನೋಡಿದೆ. ಮೇಲಿನಿಂದ ನೋಡಿದರೆ ನುಣುಪಾದ ವಿಮಾನ, ಕೆಳಗಿನಿಂದ ನೋಡಿದರೆ ವಿಮಾನಕ್ಕೆ ಜೋತುಬಿದ್ದ ಮನುಷ್ಯ. ಮೊಣಕೈ ಹೊರಗೆ, ಮುಷ್ಟಿ ಒಳಗೆ. ಸಂಜೆ ಆಲಮಟ್ಟಿ ಕಡೆ ಹೋಗುವ ನಮ್ಮ ಟಂಟಂ ಹೀಗೇ ಕಾಣುತ್ತದೆ. ಮುಚ್ಚಲು ಆಗಿಲ್ಲ, ಜಾಗ ಎಲ್ಲಿದೆ? ರೋಬೋ ಆದಾಗಲೂ ರೆಕ್ಕೆ ಬೆನ್ನ ಮೇಲೆ ಹಾಗೇ ಉಳಿಯುತ್ತದೆ, ಮದುವೆ ಮುಗಿದರೂ ಶಾಲು ತೆಗೆಯದ ಬೀಗರಂತೆ. ನನಗೆ ಇದು ಕೊರತೆ ಅನಿಸಲಿಲ್ಲ, ಪ್ರಾಮಾಣಿಕತೆ ಅನಿಸಿತು. ಹೊಸದೇನೂ ಸೇರಿಸಿಲ್ಲ, ಹಳೆಯದೇನೂ ತೆಗೆದಿಲ್ಲ, ಇದ್ದ ಸಾಮಾನನ್ನೇ ಆಚೀಚೆ ಸರಿಸಿದೆ ಎಂದು ಅದು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ನಮ್ಮ ಬದಲಾವಣೆಗಳು ಅಷ್ಟು ಕಷ್ಟಪಟ್ಟವಲ್ಲ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯಿತು. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ 13ನೇ ನಂಬರಿನ ಹೆದ್ದಾರಿ ನಮ್ಮೂರ ಹತ್ತಿರ 50 ಆಯಿತು. ಬಾಗೇವಾಡಿ ತಾಲ್ಲೂಕಿನಲ್ಲಿದ್ದ ನಿಡಗುಂದಿ ತಾನೇ ತಾಲ್ಲೂಕಾಯಿತು. ಎಲ್ಲಕ್ಕೂ ಬೋರ್ಡು ಬರೆಯುವವನ ಒಂದು ಡಬ್ಬಿ ಬಣ್ಣ ಸಾಕಾಯಿತು. ಒಂದು ಕೀಲೂ ಅಲುಗಲಿಲ್ಲ.

ನಮ್ಮ ಕಾಲದ ಆಟಿಕೆಗಳೂ ರೂಪ ಬದಲಿಸುತ್ತಿದ್ದವು. ಜೋಳದ ದಂಟು ಸುಲಿದು, ಬೆಂಡು ಕೊಯ್ದು ಗಾಲಿ ಮಾಡಿ, ಸಿಪ್ಪೆಯನ್ನೇ ಅಚ್ಚು ಮಾಡಿ ಚಕ್ಕಡಿ ಕಟ್ಟುತ್ತಿದ್ದೆವು. ಸಂಜೆಯಾದರೆ ಎತ್ತು ಅದನ್ನು ತಿನ್ನುತ್ತಿತ್ತು. ಚಕ್ಕಡಿ ಮೇವಾಗಿ, ಮೇವು ಸೆಗಣಿಯಾಗಿ, ಸೆಗಣಿ ಕುಳ್ಳಾಗಿ ಒಲೆಗೆ ಹೋಗುತ್ತಿತ್ತು. ಇಷ್ಟು ರೂಪ ತಾಳುವ ಆಟಿಕೆಯನ್ನು ಜಪಾನಿನವರೂ ಮಾಡಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರಿ ಮಣ್ಣಿನ ಎತ್ತು, ಆಷಾಢದ ಮಂಗಳವಾರ ಅದೇ ಮಣ್ಣಿನ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ. ಮಣ್ಣು ಒಂದೇ, ಈ ವಿಮಾನದ ಡಬ್ಬಿಯಲ್ಲಿ ಬಂದಂಥ ಬಾಣದ ಗುರುತು ಹಾಕಿದ ಕಾಗದ ಯಾರಿಗೂ ಬೇಕಿರಲಿಲ್ಲ. ಇನ್ನು ಹಗಲುವೇಷದವರು ಊರಿಗೆ ಬಂದರಂತೂ ನಿನ್ನೆ ರಾಮ ಆಗಿದ್ದವನು ಇವತ್ತು ಶೂರ್ಪನಖಿ. ಅವನ ಬೀಡಿ ಮಾತ್ರ ಎರಡೂ ವೇಷಕ್ಕೆ ಒಂದೇ.

ಈ ಹೆಮ್ಮೆಯೇ ನನಗೆ ಮುಳುವಾಯಿತು.

ಮಧ್ಯಾಹ್ನ ಮೊಮ್ಮಗ ತನ್ನ ಕಾಕಾನ ಸಂಗಡ ಆಲಮಟ್ಟಿಯ ತೋಟಕ್ಕೆ ಹೋದ. ಸಂಗೀತ ಕಾರಂಜಿ ನೋಡಿಕೊಂಡು ಬರಲು ರಾತ್ರಿಯಾಗುತ್ತದೆ. ವಿಮಾನ ಮೇಜಿನ ಮೇಲಿತ್ತು, ಮನೆಯಲ್ಲಿ ನಾನಿದ್ದೆ. ಸನ್ನೆಗೋಲು, ರಾಟೆ, ತಿರುಪು ಎಂದು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದವನಿಗೆ ಎಂಟು ವರ್ಷದ ಪೋರ ಎರಡು ನಿಮಿಷದಲ್ಲಿ ಮಾಡುವುದನ್ನು ಮಾಡಲಾಗದೆ? ಕಾಗದ ಬಿಡಿಸಿದೆ. ಅದರಲ್ಲಿ ಅಕ್ಷರ ಒಂದೂ ಇಲ್ಲ. ಹನ್ನೆರಡು ಚಿತ್ರ, ಮೈತುಂಬ ಬಾಣ. ಆರನೆಯ ಚಿತ್ರದವರೆಗೆ ಸರಳವಾಗಿ ಹೋಯಿತು. ಏಳನೆಯದರಲ್ಲಿ ಬಾಣ ಹೊಟ್ಟೆಯಿಂದ ಹೊರಟು, ಬೆನ್ನ ಹಿಂದೆ ಸುತ್ತು ಹಾಕಿ, ಆಕಾಶದ ಕಡೆ ಹೋಗಿತ್ತು. ಎಳೆ ಎಂದೋ, ತಿರುವು ಎಂದೋ, ದೇವರ ಮೇಲೆ ಭಾರ ಹಾಕು ಎಂದೋ ತಿಳಿಯಲಿಲ್ಲ.

ಅಲ್ಲಿಗೆ ನಿಂತೆ. ಮುಂದೆ ವಿಮಾನದ ಮೂತಿ, ಮೇಲೆ ರೆಕ್ಕೆ, ಕೆಳಗೆ ಎರಡು ಕಾಲು ಮೊಣಕಾಲು ಹಿಂದಕ್ಕೆ ಮಡಚಿ ನಿಂತಿವೆ, ಪಕ್ಕದಲ್ಲಿ ಅರ್ಧ ಬಿಚ್ಚಿದ ಕೈ. ಚಹಾ ತಂದ ಹೆಂಡತಿ ಕಪ್ಪು ಇಟ್ಟು, ತುಸು ಹೊತ್ತು ನೋಡಿ ಅಂದಳು: "ಕೋಳಿ ಆಗೇತಿ."

ಸೋಲು ಒಪ್ಪಿ ಮಗನಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ಆತ ನಗುತ್ತಾನೆ ಅಂದುಕೊಂಡಿದ್ದೆ. ಆತ "ಅಪ್ಪಾ, ಭಾರಿ ಮಾಡೀರಿ!" ಅಂದ. 1982ರಲ್ಲಿ ಜಪಾನಿನಲ್ಲಿ ಮ್ಯಾಕ್ರಾಸ್ ಎಂಬ ಕಾರ್ಟೂನ್ ಧಾರಾವಾಹಿ ಬಂದಿತ್ತಂತೆ. ಅದರ ವಿಮಾನ ಅಮೆರಿಕದ ಎಫ್-14ರ ಚಹರೆಯದು, ರೂಪಿಸಿದವರು ಶೋಜಿ ಕವಾಮೋರಿ. ಅವರು ಲೆಗೋ ತುಂಡು ಜೋಡಿಸಿ, ಕಳಚಿ ಇಂಥ ಮಾದರಿ ಮಾಡುವವರಂತೆ. ನಮ್ಮ ದಂಟಿನ ಚಕ್ಕಡಿಯ ಕುಲದವರೇ ಅಂದುಕೊಂಡೆ. ಆ ವಿಮಾನಕ್ಕೆ ಎರಡಲ್ಲ, ಮೂರು ರೂಪ. ನಡುವಿನದು ಅತ್ತ ವಿಮಾನವೂ ಅಲ್ಲದ ಇತ್ತ ಮನುಷ್ಯನೂ ಅಲ್ಲದ, ಕಾಲು ಮೂಡಿದ ವಿಮಾನ. "ಅದಕ್ಕ ಗರ್ವಾಕ್ ಅಂತಾರ ಅಪ್ಪಾ. ನಿಮ್ಮ ಫೋಟೋದಾಗ ಇರೂದು ಅದ." ನಮ್ಮ ಮನೆಯ ಈ ರೋಬೋದ ಮನೆತನ ಬೇರೆ, ಜಪಾನಿನ ಟಾಕಾರಾ ಕಂಪನಿಯ ಡಯಾಕ್ಲೋನ್ ಆಟಿಕೆಗಳನ್ನು ಅಮೆರಿಕದ ಹಾಸ್ಬ್ರೋದವರು ಒಯ್ದು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಹೆಸರಿಟ್ಟ ವಂಶದ ದೂರದ ನಕಲು, ಇದಕ್ಕೆ ಆ ನಡುವಿನ ರೂಪ ಇಲ್ಲವೇ ಇಲ್ಲ ಎಂದೂ ಹೇಳಿದ. ಅದು ನನ್ನ ಕಿವಿಗೆ ಬೀಳಲಿಲ್ಲ. ಗರ್ವಾಕ್ ಎಂಬ ಮಾತಿನ ಮೊದಲ ಎರಡಕ್ಷರವೇ ತಲೆಗೆ ಏರಿತ್ತು. ಹೆಂಡತಿಯನ್ನು ಕರೆದು, ಇದು ಕೋಳಿಯಲ್ಲ, ಜಪಾನಿನಲ್ಲಿ ಇದಕ್ಕೆ ಸ್ವಂತ ಹೆಸರಿದೆ ಎಂದೆ. "ಕೋಳಿಗೂ ಇರತೈತಿ" ಅಂದಳು.

ಆ ಹುಮ್ಮಸ್ಸಿನಲ್ಲಿ ಎಂಟನೆಯ ಚಿತ್ರಕ್ಕೆ ಕೈ ಹಾಕಿದೆ. ಬಾಣ ಸೊಟ್ಟಗಿತ್ತು, ನಾನು ನೆಟ್ಟಗೆ ಎಳೆದೆ.

ಟಿಕ್.

ಅಂಥ ಸದ್ದು ಜೀವನದಲ್ಲಿ ಒಮ್ಮೆ ಮೊದಲೂ ಕೇಳಿದ್ದೆ, ಪ್ರಯೋಗಾಲಯದ ಏಕೈಕ ಉಷ್ಣತಾಮಾಪಕ ನನ್ನ ಕೈಯಿಂದ ಬಿದ್ದಾಗ. ಬಲಗೈ ನನ್ನ ಅಂಗೈಯಲ್ಲಿತ್ತು, ರೋಬೋ ಮೇಜಿನ ಮೇಲಿತ್ತು. ಗಡಿಯಾರ ನೋಡಿದೆ, ನಾಲ್ಕೂ ಕಾಲು. ಎರಡನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ, "ಪ್ಯಾಟಿಗಿ ಹೋಗಿ ಬರತೇನಿ" ಎಂದು ಹೊರಟೆ.

ಕೈ ಮುರಿದರೆ ದವಾಖಾನೆಗೆ ಹೋಗಬೇಕು, ಇಷ್ಟು ಸಣ್ಣ ಕೈಗೆ ಪತ್ತಾರರೇ ಗತಿ. ನಮ್ಮ ಪತ್ತಾರರು ನನ್ನ ವಾರಿಗೆಯವರು. ಕರವಸ್ತ್ರ ಬಿಚ್ಚುವಾಗ ಅಂಗಡಿಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಮಾತು ನಿಲ್ಲಿಸಿ ಕುತ್ತಿಗೆ ಉದ್ದ ಮಾಡಿದರು. ಮಾಸ್ತರರು ಮನೆಯ ಬಂಗಾರ ಅಡವಿಡಲು ಬಂದಿದ್ದಾರೆ ಎಂದೇ ಲೆಕ್ಕ. ಒಳಗಿಂದ ಬೂದು ಬಣ್ಣದ ರೋಬೋ ಬಂದಾಗ ಅವರಿಗಾದ ನಿರಾಸೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಪತ್ತಾರರು ಏನೂ ಕೇಳಲಿಲ್ಲ. ಕಣ್ಣಿಗೆ ಭಿಂಗ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೈ ಎತ್ತಿ ದೀಪಕ್ಕೆ ಹಿಡಿದರು. ಅವರ ಹೆಗಲ ಮೇಲಿಂದ ನಾನೂ ನೋಡಿದೆ. ತೋಳಿನ ತುದಿಗೆ ರಾಗಿಗಿಂತ ತುಸು ದೊಡ್ಡ ಗುಂಡು. ಭುಜದಲ್ಲಿ ಅದು ಕೂಡ್ರುವ ಬಟ್ಟಲು, ಬಟ್ಟಲಿನ ಅಂಚು ಒಂದು ಕಡೆ ಸೀಳಿ ಬಿಟ್ಟದ್ದು. ಒತ್ತಿದಾಗ ಬಾಯಿ ಅಗಲಿಸಿ ಗುಂಡನ್ನು ನುಂಗಲೆಂದೇ ಆ ಸೀಳು. ಎಂಟನೆಯ ತರಗತಿಗೆ ನಾನು ಎಲುಬಿನ ಚಿತ್ರ ಬರೆದು ಕಲಿಸಿದ ಚೆಂಡು–ಗುಳಿ ಕೀಲು. ಮೊಣಕೈಯಲ್ಲಿ ಮಾತ್ರ ಬಿಜಾಗರಿ ಕೀಲು, ಅದೂ ಪಾಠದಂತೆಯೇ. ಇಷ್ಟು ವರ್ಷ ಕಲಿಸಿದ್ದು ಎದುರಿಗೇ ಬಿದ್ದಿದ್ದಾಗ ನನಗೆ ಗುರುತು ಸಿಕ್ಕಿರಲಿಲ್ಲ.

"ಮುರದಿಲ್ಲ ಮಾಸ್ತರ, ಕಳಚೈತಿ. ಕಳಚಲಿ ಅಂತನ ಮಾಡ್ಯಾರ. ಇಲ್ಲಂದ್ರ ಹುಡುಗೂರ ಕೈಯಾಗ ಉಳೀತೈತೇನು?"

ಹೆಬ್ಬೆರಳಿನಿಂದ ಒತ್ತಿದರು. ಕಟ್ ಎಂದು ಕೂತಿತು. ನನ್ನ ಎದೆಯೂ ಜಾಗಕ್ಕೆ ಬಂತು. ಆದರೆ ಕೈ ಎತ್ತಿಸಿದರೆ ನಿಲ್ಲುತ್ತಿಲ್ಲ, ಮೆಲ್ಲಗೆ ಇಳಿಯುತ್ತದೆ. ನನ್ನ ಎಳೆತಕ್ಕೆ ಬಟ್ಟಲು ಸಡಿಲಾಗಿತ್ತು.

"ಬಂಗಾರ ಇದ್ರ ಒಂದ ಏಟು ಹಾಕಿ ಬಿಗಿ ಮಾಡತಿದ್ನಿ. ಇದು ಏಟು ತಾಳೂದಿಲ್ಲ." ಸ್ವಲ್ಪ ಯೋಚಿಸಿ, "ಗುಂಡು ದಪ್ಪ ಆಗಬೇಕ್ರಿ. ಉಗುರಬಣ್ಣ ಒಂದ ಕೈ ಹಚ್ಚಿ ಒಣಗಿಸ್ರಿ, ಬಿಗಿ ಕೂಡತೈತಿ" ಅಂದರು. ಆಮೇಲೆ ಬಿಟ್ಟಿರಲಾರದೆ ವಿಮಾನವನ್ನು ತೂಕದ ಮಷೀನಿನ ಮೇಲಿಟ್ಟರು. 30 ಗ್ರಾಂ ಮತ್ತು ಚಿಲ್ಲರೆ. "ಮೂರು ತೊಲಿ! ಬಂಗಾರ ಆಗಿದ್ರ ನಿಮ್ಮ ಮನಿ ಮಾರಬೇಕಾಗತಿತ್ತು." ಮಜೂರಿ ತೆಗೆದುಕೊಳ್ಳಲಿಲ್ಲ. ಬದಲಿಗೆ ಅದನ್ನು ಹತ್ತು ನಿಮಿಷ ತಾವೇ ಇಟ್ಟುಕೊಂಡು ತಿರುವಿದರು, ಮಡಚಿದರು, ಎಳೆದರು. ಹೆಣ್ಣುಮಕ್ಕಳು ಕಾಲುಂಗುರ ಹಿಡಿದು ಕಾಯುತ್ತ ನಿಂತರು. ಬೆಳ್ಳಿಯ ಎಳೆಗೆ ಎಳೆ ಕೂಡಿಸುವ ಆ ಕೈಯಲ್ಲೂ ಕೊನೆಗೆ ಅದು ಕೋಳಿಯೇ ಆಯಿತು. ನನಗೆ ಎಷ್ಟೋ ಸಮಾಧಾನವಾಯಿತು.

ಉಳಿದದ್ದು ಉಗುರುಬಣ್ಣ. ನನ್ನ ಹೆಂಡತಿಯ ಹತ್ತಿರ ಅದು ಎಂದೂ ಇದ್ದದ್ದಿಲ್ಲ. ಬಳೆ ಅಂಗಡಿಗೆ ಹೋದೆ. ಅಂಗಡಿಯವಳು ನನ್ನ ಹಳೆಯ ವಿದ್ಯಾರ್ಥಿನಿ, ಗಣಿತದಲ್ಲಿ ಎರಡು ಸಲ ಕೂತವಳು.

"ನಮಸ್ಕಾರ್ರೀ ಸರ. ಯಾರಿಗ್ರಿ?"

"ನನಗ" ಅಂದುಬಿಟ್ಟೆ. ಕೀಲಿಗೆ ಅನ್ನಬೇಕಿತ್ತು.

ಆಕೆ ಎರಡು ಕ್ಷಣ ಸುಮ್ಮನಿದ್ದು, ಗುರುಗಳ ಮೇಲಿನ ಗೌರವಕ್ಕೆ ನಗದೆ, ಗಾಜಿನ ಮೇಲೆ ಆರು ಸೀಸೆ ಸಾಲಾಗಿ ಇಟ್ಟಳು. "ಯಾವ ಬಣ್ಣ ಕೊಡಲ್ರಿ? ಇದು ಈಗ ಭಾಳ ನಡೀತೈತಿ." ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಕೆಂಪು ಎತ್ತಿಕೊಂಡೆ. "ಹಚ್ಚಿ ನೋಡ್ರಿ ಸರ, ಹಳೇ ಮಾಲ ಇದ್ರ ಗಟ್ಟಿ ಆಗಿರತೈತಿ" ಎಂದು ತಾನೇ ಮುಚ್ಚಳ ತಿರುವಿ, ನಾನು ಬೇಡ ಅನ್ನುವುದರೊಳಗೆ ನನ್ನ ಹೆಬ್ಬೆರಳಿನ ಉಗುರಿಗೆ ಒಂದು ಎಳೆ ಎಳೆದಳು. ಹೊಳೆಯಿತು. ಬೀದಿಯಲ್ಲಿ ಹೋಗುತ್ತಿದ್ದ ಟಂಟಂ ಕೂಡ ನಿಧಾನ ಮಾಡಿದಂತೆ ಅನಿಸಿತು.

ಅಂಗಡಿಯ ಕಟ್ಟೆಯ ಮೇಲೆ ಕೂತೇ ಕೈ ಮತ್ತೆ ಕಳಚಿ, ಗುಂಡಿಗೆ ಬಣ್ಣ ಹಚ್ಚಿ, ಊದಿ ಒಣಗಿಸಿ ಕೂಡಿಸಿದೆ. ಈಗ ಕೈ ಎತ್ತಿದರೆ ಎತ್ತಿದಲ್ಲೇ ನಿಂತಿತು.

ಅಸಲಿ ಎಫ್-15 ಶಬ್ದದ ಎರಡೂವರೆ ಪಟ್ಟು ವೇಗದಲ್ಲಿ ಹಾರುತ್ತದೆ. ಬಳೆ ಅಂಗಡಿಯಿಂದ ನಮ್ಮ ಮನೆ ನಡೆದರೆ ಏಳು ನಿಮಿಷ. ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ಜೇಬಿನೊಳಗೆ ಇಳಿಸಿ, ಆ ವಿಮಾನದ ಹೊಟ್ಟೆಯ ಕೆಳಗಿನ ಕೈಯಂತೆ ಅಡಗಿಸಿಕೊಂಡು ಬಂದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಪ್ಯಾಟಿಗಿ ಹೋಗಿದ್ರೆಲ್ಲ, ಎಲ್ಲಿ, ಕೈ ತೋರಸ್ರಿ ನೋಡೂಣು."