ಹವ್ಯಾಸ: ಈಜು

ಬೆಂಗಳೂರಿನಲ್ಲಿ ಹುಡುಗರು ಬಾಡಿಗೆಗಿರುವ ಯಾವ ರೂಮಿಗಾದರೂ ಹೋಗಿ ನೋಡಿ. ಬಕೆಟ್ಟು ಒಂದೇ ಇರಬಹುದು, ಚಾಪೆ ಸಾಲದಿರಬಹುದು, ಆದರೆ ಎಲ್ಲರ ರೆಸ್ಯೂಮು ತಿದ್ದುವ ಅಣ್ಣನೊಬ್ಬ ಇದ್ದೇ ಇರುತ್ತಾನೆ. ನಿಮಗಿಂತ ನಾಲ್ಕು ವರ್ಷ ಮೊದಲು ಊರು ಬಿಟ್ಟು ಬಂದಿರುತ್ತಾನೆ. ಆ ನಾಲ್ಕು ವರ್ಷದಲ್ಲಿ ಏನು ಗುಡ್ಡೆ ಹಾಕಿದ ಎಂದು ಯಾರೂ ಕೇಳುವುದಿಲ್ಲ. ಮೊದಲು ಬಂದವನು ಎಂಬುದೇ ಅವನ ಡಿಗ್ರಿ.

ನಮ್ಮ ರೂಮಿನವನನ್ನು ನಾವು ಫಾರ್ಮ್ಯಾಟ್ ಅಣ್ಣ ಅನ್ನುತ್ತಿದ್ದೆವು, ಬೆನ್ನ ಹಿಂದೆ. ಎದುರಿಗೆ ಬರೀ ಅಣ್ಣ. ರೂಮಿದ್ದದ್ದು ಮತ್ತಿಕೆರೆಯಲ್ಲಿ. ನಮ್ಮ ಕಡೆಯವರು ಬಹಳ ಮಂದಿ ಅಲ್ಲೇ ಏಕೆ ಬೀಡು ಬಿಡುತ್ತಾರೆಂದರೆ, ಹಿಂದೂಪುರದ ಪ್ಯಾಸೆಂಜರ್ ರೈಲು ಗೌರಿಬಿದನೂರು, ತೊಂಡೇಭಾವಿ, ಮಾಕಳಿದುರ್ಗ, ದೊಡ್ಡಬಳ್ಳಾಪುರ ಎಂದು ನಿಂತು ನಿಂತು ಬಂದು ಯಶವಂತಪುರದಲ್ಲಿ ನಮ್ಮನ್ನು ಇಳಿಸುತ್ತದೆ. ಇಳಿದಾಗ ಒಂದು ಕೈಯಲ್ಲಿ ರಾಗಿಹಿಟ್ಟಿನ ಚೀಲ, ಇನ್ನೊಂದರಲ್ಲಿ ಮಾರ್ಕ್ಸ್ ಕಾರ್ಡಿನ ಫೈಲು. ಎರಡನ್ನೂ ಹೊತ್ತು ಎಷ್ಟು ದೂರ ನಡೆಯಬಹುದೋ ಅಷ್ಟು ದೂರದಲ್ಲಿ ರೂಮು.

ನಾನು ಇಂಜಿನಿಯರಿಂಗ್ ಮುಗಿಸಿದ್ದು 2008ರಲ್ಲಿ. ಕೈಯಲ್ಲಿ ಒಂದು ಕಂಪನಿಯ ಆಫರ್ ಲೆಟರ್ ಇತ್ತು. ಅದನ್ನು ಅಪ್ಪ ನಮ್ಮೂರು ನಗರಗೆರೆಯ ಚಹಾದಂಗಡಿಯಲ್ಲಿ ಎಷ್ಟು ಜನಕ್ಕೆ ತೋರಿಸಿದ್ದರೆಂದರೆ, ಮಡಿಕೆಯ ಜಾಗದಲ್ಲಿ ಸಂಬಳದ ಅಂಕಿಯೇ ಅಳಿಸಿಹೋಗಿತ್ತು. ಗೌರಿಬಿದನೂರಿನ ಹತ್ತಿರ 1965ರಿಂದ ಒಂದು ಭೂಕಂಪನ ಕೇಂದ್ರವಿದೆ. ಭೂಮಿಯ ಆಚೆ ಮಗ್ಗುಲಲ್ಲಿ ಯಾರಾದರೂ ಗುಟ್ಟಾಗಿ ನೆಲದಡಿ ಅಣುಬಾಂಬು ಸಿಡಿಸಿದರೆ ಇಲ್ಲಿ ಗೊತ್ತಾಗಬೇಕೆಂದು ಕಟ್ಟಿದ್ದು. 2008ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನಲ್ಲಿ 158 ವರ್ಷದ ಲೆಹ್ಮನ್ ಬ್ರದರ್ಸ್ ಮಗುಚಿಬಿದ್ದದ್ದು ಆ ಯಂತ್ರಗಳಿಗೆ ಗೊತ್ತಾಯಿತೋ ಇಲ್ಲವೋ, ನಮ್ಮ ಮನೆಗಂತೂ ಹದಿನೈದೇ ದಿನದಲ್ಲಿ ಗೊತ್ತಾಯಿತು. ಜಾಯಿನಿಂಗ್ ಡೇಟು ಮುಂದಕ್ಕೆ ಹೋಗಿದೆ ಎಂದು ಈಮೇಲ್ ಬಂತು. ಎಷ್ಟು ಮುಂದಕ್ಕೆ ಎಂದು ಬರೆದಿರಲಿಲ್ಲ. ಅಪ್ಪ ಚಹಾದಂಗಡಿಯನ್ನೇ ಬದಲಾಯಿಸಿದರು.

ಹೀಗೆ ನಾನು ಫಾರ್ಮ್ಯಾಟ್ ಅಣ್ಣನ ಕೈಗೆ ಬಿದ್ದೆ.

ಅವನು ರಾತ್ರಿ ಪಾಳಿಯಲ್ಲಿ ಯಾವುದೋ ಅಮೆರಿಕದ ಬ್ಯಾಂಕಿನ ಗಿರಾಕಿಗಳ ಬೈಗುಳ ಕೇಳುವ ಕೆಲಸದಲ್ಲಿದ್ದ. ಬೆಳಿಗ್ಗೆ ಬಂದು ಮಲಗಿ ಮಧ್ಯಾಹ್ನ ಎದ್ದರೆ ಮುಗಿಯಿತು, ಹಲ್ಲುಜ್ಜುವ ಮೊದಲೇ "ಎಲ್ಲೋ ನಿನ್ನ ರೆಸ್ಯೂಮು, ತಗಂಬಾ" ಅನ್ನುತ್ತಿದ್ದ. ಭಾನುವಾರವಂತೂ ದರ್ಬಾರು. ಹಾಳೆಗಳನ್ನು ಚಾಪೆಯ ಮೇಲೆ ಹರಡಿ, ಕೆಂಪು ರೀಫಿಲ್ಲು ಹಿಡಿದು, ಅವರೆಕಾಯಿ ಸುಲಿಯುವ ಅಜ್ಜಿಯ ಹಾಗೆ ಕಾಲು ನೀಡಿ ಕೂರುತ್ತಿದ್ದ. ಟೈಮ್ಸ್ ನ್ಯೂ ರೋಮನ್ ಅಕ್ಷರ ಕಂಡರೆ ಅವನಿಗೆ ಆಗುತ್ತಿರಲಿಲ್ಲ: "ಇದು ಕೋರ್ಟ್ ನೋಟೀಸು ಕಣೋ, ಕೆಲಸ ಕೇಳೋ ಅಕ್ಷರ ಅಲ್ಲ." ಏರಿಯಲ್‌ಗೆ ಬದಲಾಯಿಸಿದೆ. ಮುಂದಿನ ಭಾನುವಾರ ಏರಿಯಲ್ ಬೋಳುಬೋಳು ಅಂದ, ವರ್ಡಾನಾ ಹಾಕಿಸಿದ. ವರ್ಡಾನಾದಲ್ಲಿ ಎರಡು ಪುಟ ಮೂರಾಯಿತು. ಮೂರು ಪುಟ ಯಾರೂ ಓದಲ್ಲ ಅಂತ ಬೈದ. ಒಂದೊಂದು ತಿದ್ದುಪಡಿಗೂ ಸೈಬರ್ ಸೆಂಟರಿಗೆ ಹೋಗಿ, ಕಂಪ್ಯೂಟರಿಗೆ ಬಾಡಿಗೆ, ಪ್ರಿಂಟಿಗೆ ದುಡ್ಡು ತೆತ್ತು ಬರಬೇಕು. ಆ ವರ್ಷ ಆರ್ಥಿಕ ಹಿಂಜರಿತ ಮುಟ್ಟದ ಒಂದೇ ಉದ್ದಿಮೆ ಮತ್ತಿಕೆರೆಯ ಆ ಸೈಬರ್ ಸೆಂಟರು, ಅದಕ್ಕೆ ಕಾರಣ ನಮ್ಮಣ್ಣ.

ಮೇಲ್ಗಡೆಯ 'ಕೆರಿಯರ್ ಆಬ್ಜೆಕ್ಟಿವ್' ಅವನದೇ ರಚನೆ. ಸವಾಲಿನ ಹುದ್ದೆ ಬೇಕು, ಸಂಸ್ಥೆಯ ಜೊತೆ ನಾನೂ ಬೆಳೆಯಬೇಕು ಎಂದೆಲ್ಲ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ನನಗೆ ಸವಾಲು ಬೇಕಿರಲಿಲ್ಲ, ಸಂಬಳ ಬೇಕಿತ್ತು. ಆದರೂ ರೂಮಿನ ಐದೂ ಜನ ಒಂದೇ ಸವಾಲನ್ನು ಒಂದೇ ಭಾಷೆಯಲ್ಲಿ ಕೇಳುತ್ತಾ ಒಂದೇ ಬಸ್ಸಿನಲ್ಲಿ ಒಂದೇ ವಾಕ್-ಇನ್‌ಗೆ ಹೋಗುತ್ತಿದ್ದೆವು. ನಿನ್ನ ದೌರ್ಬಲ್ಯವೇನು ಅಂತ ಕೇಳಿದರೆ 'ಅತಿಯಾಗಿ ದುಡಿಯುವುದು' ಅನ್ನಬೇಕು ಎಂದು ಹೇಳಿಕೊಟ್ಟಿದ್ದ. ಅಮ್ಮನಿಗೆ ಗೊತ್ತಾಗಿದ್ದರೆ ನನ್ನ ವಿರುದ್ಧ ಸಾಕ್ಷಿ ಹೇಳಲು ಮೊದಲ ಬಸ್ಸಿಗೇ ಬರುತ್ತಿದ್ದಳು.

ಹಾಗಂತ ಅವನ ಬುದ್ಧಿಯನ್ನು ತೆಗೆದುಹಾಕುವಂತಿರಲಿಲ್ಲ. 2007ರಲ್ಲಿ ಕೋಲಾರವನ್ನು ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದರಲ್ಲ, ನನ್ನ ಹಳೆಯ ದಾಖಲೆಗಳಲ್ಲಿ ಕೋಲಾರ ಜಿಲ್ಲೆ, ರೆಸ್ಯೂಮಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ. ಮನೆ ಬದಲಾಯಿಸಿದ್ರಾ ಅಂತ ಒಂದು ಕಡೆ ಕೇಳಿದರು. ನಾನು ತಬ್ಬಿಬ್ಬಾದೆ. "ನಾವೆಲ್ಲೂ ಹೋಗಿಲ್ಲ ಸಾರ್, ಜಿಲ್ಲೆನೇ ಎದ್ದೋಯ್ತು ಅನ್ನಬೇಕಿತ್ತು ಕಣೋ" ಅಂದ ಅಣ್ಣ. ಇನ್ನೊಂದು ಸಲ, ಪಾಸಾದ ವರ್ಷಕ್ಕೂ ಈಗಿಗೂ ನಡುವಿನ ಖಾಲಿ ಎದ್ದು ಕಾಣುತ್ತಿದೆ ಅಂತ ನಾನು ಗೊಣಗಿದಾಗ, "ಲೈನ್ ಗ್ಯಾಪ್ ಕಮ್ಮಿ ಮಾಡು, ಇಯರ್ ಗ್ಯಾಪ್ ಕಾಣಲ್ಲ" ಅಂದ. ಇಂಥ ಮಾತನ್ನು ಕಲ್ಲಿನಲ್ಲಿ ಕೆತ್ತಿಸಬೇಕು.

2009ರ ಜನವರಿ 7ರಂದು ಸತ್ಯಂ ಕಂಪನಿಯ ರಾಮಲಿಂಗರಾಜು ತಪ್ಪೊಪ್ಪಿಗೆಯ ಪತ್ರ ಬರೆದರು. ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು. ನಮ್ಮ ಕಡೆಯವರಿಗೆ ತೆಲುಗೂ ಬರುವುದರಿಂದ ಬೆಂಗಳೂರಾಗದಿದ್ದರೆ ಹೈದರಾಬಾದು ಎಂಬ ಆಸೆ ಒಂದಿತ್ತು. ಅದೂ ಮುಚ್ಚಿತು ಅಂತ ನಾವು ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ಅಣ್ಣ ಆ ಪತ್ರದ ಪ್ರಿಂಟು ತಂದ. ನಿಧಾನ ಓದಿದ. ಕೊನೆಗೆ ತಲೆದೂಗಿ, "ಇಷ್ಟು ದೊಡ್ಡ ತಪ್ಪು ಮಾಡಿದ್ರೂ ನೋಡ್ರೋ, ಹೆಂಗೆ ನಂಬರ್ ಹಾಕಿ ಪಾಯಿಂಟ್ ಪಾಯಿಂಟಾಗಿ ಬರ್ದವ್ರೆ! ನೀವೂ ಇದೀರ" ಅಂದ.

ಈಗ ಈಜಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಲೆಂದೇ ಇಷ್ಟು ಹೊತ್ತು ಕಾದಿದ್ದೇನೆ.

ನನ್ನ ರೆಸ್ಯೂಮಿನಲ್ಲಿ ಹವ್ಯಾಸದ ಮುಂದೆ ಕ್ರಿಕೆಟ್ ನೋಡುವುದು ಎಂದಿತ್ತು. ಅಣ್ಣ ಅದರ ಮೇಲೆ ಅಡ್ಡಗೆರೆ ಎಳೆದ. "ನೋಡೋದೂ ಒಂದು ಹವ್ಯಾಸನೇನೋ? ಮೈ ಬಗ್ಗಿಸೋದು ಏನಾದ್ರೂ ಹಾಕು." ಏನೂ ಇಲ್ಲವಲ್ಲಣ್ಣ ಅಂದೆ. ವಿಳಾಸದ ಕಡೆ ಒಮ್ಮೆ ನೋಡಿ, "ಊರೆಸ್ರಲ್ಲೇ ಕೆರೆ ಐತಲ್ಲೋ! ಈಜು ಅಂತ ಬರಿ. ಯಾವನೂ ಅನುಮಾನ ಪಡಲ್ಲ" ಅಂದ. ನಗರಗೆರೆಯವನು ಈಜುತ್ತಾನೆ. ತರ್ಕದಲ್ಲಿ ತಪ್ಪಿರಲಿಲ್ಲ, ನೀರಿನಲ್ಲಿ ಮಾತ್ರ ಕೊರತೆಯಿತ್ತು. ಕೋಲಾರ, ಚಿಕ್ಕಬಳ್ಳಾಪುರ ಎರಡು ಜಿಲ್ಲೆ ಸೇರಿಸಿದರೂ ವರ್ಷವಿಡೀ ಹರಿಯುವ ಹೊಳೆ ಒಂದಿಲ್ಲ. ಉತ್ತರ ಪಿನಾಕಿನಿ ಎಂದು ಹೆಸರೇನೋ ಗಂಭೀರವಾಗಿದೆ, ಆದರೆ ನಾನು ಹುಡುಗನಾಗಿದ್ದಾಗ ಅದರಲ್ಲಿ ಕಂಡದ್ದು ಹೆಚ್ಚಾಗಿ ಮರಳು ತುಂಬುವ ಲಾರಿ. ನಮ್ಮೂರಲ್ಲಿ ಈಜಬೇಕೆಂದರೆ ಸಾವಿರ ಅಡಿಯ ಬೋರ್‌ವೆಲ್ ಪೈಪಿನೊಳಗೇ ಇಳಿಯಬೇಕು. ಇಷ್ಟಾದರೂ ನಾನು ಬರೆದೆ. ಅದರ ಕೆಳಗೇ, ಮೇಲಿನದೆಲ್ಲ ಸತ್ಯವೆಂದು ಈ ಮೂಲಕ ಘೋಷಿಸುತ್ತೇನೆ ಎಂದು ಸಹಿಯನ್ನೂ ಹಾಕಿದೆ.

ಫೆಬ್ರವರಿಯಲ್ಲಿ ವೈಟ್‌ಫೀಲ್ಡ್ ಕಡೆ ಒಂದು ಸಂದರ್ಶನ. ಇಪ್ಪತ್ತು ಹುದ್ದೆಗೆ ಎಷ್ಟು ಜನ ಬಂದಿದ್ದರೆಂದರೆ, ಸಾಲು ಗೇಟಿನಿಂದ ಹೊರಬಿದ್ದು ರಸ್ತೆ ತಿರುಗಿ ಎಳನೀರಿನವನ ತನಕ ಹೋಗಿತ್ತು. ಬೆಳಿಗ್ಗೆ ಎಂಟಕ್ಕೆ ನಿಂತವನಿಗೆ ಸಂಜೆ ನಾಲ್ಕಕ್ಕೆ ಕರೆ ಬಂತು. ಒಳಗೆ ಇಬ್ಬರು. ಒಬ್ಬಾಕೆ ಜಾವಾದ ಬಗ್ಗೆ ಎರಡು ಪ್ರಶ್ನೆ ಕೇಳಿದರು, ಒಂದಕ್ಕೆ ಉತ್ತರ ಹೇಳಿದೆ. ಇನ್ನೊಬ್ಬರು ಸುಮ್ಮನೆ ಹಾಳೆ ನೋಡುತ್ತಿದ್ದವರು ತಟ್ಟನೆ ಇಂಗ್ಲಿಷಿನಲ್ಲಿ, ಈಜುತ್ತೀಯಾ, ಯಾವ ಸ್ಟ್ರೋಕು ನಿನಗಿಷ್ಟ ಅಂದರು.

ಸ್ಟ್ರೋಕು ಅಂದರೆ ಲಕ್ವ ಎಂದಷ್ಟೇ ನನಗೆ ಗೊತ್ತಿದ್ದದ್ದು. ಎಂಟು ಗಂಟೆ ಬಿಸಿಲಲ್ಲಿ ನಿಂತ ತಲೆ, ಬಾಯಿಗೆ ಬಂದದ್ದು ಆಡಿದೆ: "ಸನ್ ಸ್ಟ್ರೋಕ್ ಸರ್."

ಒಂದು ಕ್ಷಣ ಕೋಣೆಯಲ್ಲಿ ಏಸಿಯ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಆಮೇಲೆ ಅವರು ಕನ್ನಡಕ ತೆಗೆದು, ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ, "ನಗರಗೆರೆ ಅಂದ್ರೆ ಗೌರಿಬಿದನೂರು ತಾಲ್ಲೂಕಲ್ವೇನಪ್ಪಾ? ನಾನು ಚಿಂತಾಮಣಿಯೋನು. ಅಲ್ಲಿ ಈಜೋಕೆ ನೀರೆಲ್ಲೈತೆ?" ಅಂದರು. ಆಮೇಲೆ ಹತ್ತು ನಿಮಿಷ ಮಳೆ, ಬೋರು, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ರೇಟು ಇವೇ ಮಾತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಡೆದ ಸಂದರ್ಶನ ಇನ್ನೊಂದಿಲ್ಲ. ಎದ್ದು ಬರುವಾಗ ಅವರೇ ಬಾಗಿಲ ತನಕ ಬಂದು ಬೆನ್ನು ತಟ್ಟಿದರು. ಕೆಲಸ ಸಿಗಲಿಲ್ಲ.

ರೂಮಿಗೆ ಬಂದು ಅಣ್ಣನ ಮೇಲೆ ಹರಿಹಾಯ್ದೆ. ಅವನು ಶಾಂತವಾಗಿ ಕೇಳಿಸಿಕೊಂಡ. "ಅಂದ್ರೆ ಕಡೇ ಸಾಲಿನ ತನಕ ಓದವ್ರೆ! ಫಾರ್ಮ್ಯಾಟು ಕೆಲಸ ಮಾಡ್ತಾ ಐತೆ" ಅಂದ. ನಾನು ಇನ್ನೂ ಕೂಗಾಡುತ್ತಿದ್ದರಿಂದ ಕೊನೆಯ ಅಸ್ತ್ರ ತೆಗೆದ. ಅದು ಎಚ್. ನರಸಿಂಹಯ್ಯನವರು. ನಮ್ಮ ತಾಲ್ಲೂಕಿನ ಹೊಸೂರಿನಿಂದ ರೈಲು ಚಾರ್ಜಿಗೆ ದುಡ್ಡಿಲ್ಲದೆ ಬೆಂಗಳೂರಿಗೆ ನಡೆದುಕೊಂಡೇ ಓದಲು ಹೋದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು. ಗೌರಿಬಿದನೂರು ತಾಲ್ಲೂಕಿನಲ್ಲಿ ಹುಟ್ಟಿದ ಯಾವ ಹುಡುಗನೂ ಈ ಅಸ್ತ್ರದಿಂದ ತಪ್ಪಿಸಿಕೊಂಡಿಲ್ಲ. "ಅವ್ರು ನಡ್ಕಂಡು ಬಂದ್ರು. ನಿಂಗೆ ವೈಟ್‌ಫೀಲ್ಡಿಗೆ ಎರಡು ಬಸ್ಸು ಬದಲಾಯ್ಸೋದು ಕಷ್ಟ." ಅವರಿಗೆ ಯಾರೂ ರೆಸ್ಯೂಮು ತಿದ್ದಿಕೊಡಲಿಲ್ಲ ಅಣ್ಣ, ಅದಕ್ಕೇ ಉದ್ಧಾರವಾದರು ಅಂದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ನನ್ನ ದಿಂಬಿನ ಮೇಲೆ ರೆಸ್ಯೂಮು. ಈಜನ್ನು ಹೊಡೆದುಹಾಕಿ 'ದೂರ ನಡಿಗೆ' ಎಂದು ಬರೆದಿದ್ದ.

ಆ ವರ್ಷ ನಾನು ನೌಕರಿ ತಾಣಗಳ ಮೂಲಕ ಕಳಿಸಿದ ಅರ್ಜಿಗಳಿಗೆ ಲೆಕ್ಕವಿಲ್ಲ. ಕಳಿಸಿದ ಅರ್ಧ ನಿಮಿಷಕ್ಕೆ, ನಿಮ್ಮ ವಿವರಗಳನ್ನು ಗಮನವಿಟ್ಟು ಪರಿಶೀಲಿಸುತ್ತೇವೆ ಎಂದು ಯಂತ್ರದ ಉತ್ತರ ಬರುತ್ತಿತ್ತು. ಪರಿಶೀಲಿಸಿದವನು ಒಬ್ಬನೇ, ಬನಿಯನ್ನು ಹಾಕಿಕೊಂಡು ಚಾಪೆಯ ಮೇಲೆ ಕೂತಿರುತ್ತಿದ್ದ. ನನ್ನ ಏಳನೇ ಸೆಮಿಸ್ಟರಿನ ಅಂಕ ಎಷ್ಟು, ಅಪ್ಪನ ಹೆಸರಿನ ಇನಿಷಿಯಲ್ ಯಾವುದು, ಎಂಟನೇ ಕ್ಲಾಸಿನಲ್ಲಿ ಪ್ರಬಂಧ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂದದ್ದು, ಎಲ್ಲ ಅವನಿಗೆ ಬಾಯಿಪಾಠ. ಭಾನುವಾರ ಬಂತೆಂದರೆ ನಾನು ಬೈದುಕೊಂಡಾದರೂ ಸ್ನಾನ ಮಾಡಿ ಕೂರುತ್ತಿದ್ದೆ. ಕೆಲಸವಿಲ್ಲದವನಿಗೆ ವಾರದಲ್ಲಿ ಒಂದು ದಿನವಾದರೂ ಯಾರೋ ತನ್ನನ್ನು ಕಾಯುತ್ತಿದ್ದಾರೆ ಅನಿಸುವುದು ಸಣ್ಣ ಸಂಗತಿಯಲ್ಲ ಎಂದು ಆಗ ತಿಳಿಯಲಿಲ್ಲ. ಆಗ ತಿಳಿದದ್ದು ಪ್ರಿಂಟಿನ ಖರ್ಚು ಮಾತ್ರ.

ಅದೇ ಬೇಸಿಗೆಯಲ್ಲಿ ಅವನ ಅಮೆರಿಕದ ಬ್ಯಾಂಕಿನ ಕೆಲಸವೂ ಹೋಯಿತು. ಗಲಾಟೆಯಿಲ್ಲ, ಒಂದು ಬೆಳಿಗ್ಗೆ ಎಂದಿನಂತೆ ಬಂದು ಮಲಗಿದ, ರಾತ್ರಿ ಹೋಗಲಿಲ್ಲ. ಒಂದು ವಾರ ಕಳೆದ ಮೇಲೆ ಎರಡು ಹಾಳೆ ತಂದು ನನ್ನ ಕೈಗಿಟ್ಟು, "ಒಸಿ ನೋಡ್ಕೊಡೋ" ಅಂದ. ಅವನ ರೆಸ್ಯೂಮು. ನಾನು ಅಂದು ಯಾವುದೋ ಪರೀಕ್ಷೆಯ ಅವಸರದಲ್ಲಿದ್ದೆ. ಮೊದಲ ಪುಟದ ಮೇಲೆ ಕಣ್ಣಾಡಿಸಿ, "ಚೆನ್ನಾಗೈತಣ್ಣ, ನಿಂಗೆ ನಾವೇನು ಹೇಳೋದು" ಅಂತ ವಾಪಸ್ಸು ಕೊಟ್ಟೆ. ಹೌದಾ ಅಂದು ಮಡಿಸಿಟ್ಟುಕೊಂಡ. ಅವನ ಹವ್ಯಾಸ ಏನಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಅವನು ಊರಿಗೆ ಹೋದ. ನನಗೆ 2010ರ ಆರಂಭದಲ್ಲಿ ಕೆಲಸ ಬಂತು. ಕೊಟ್ಟದ್ದು ಅದೇ ಹಳೆಯ ಆಫರ್ ಲೆಟರಿನ ಕಂಪನಿ. ಅವರ ಹತ್ತಿರ ಇದ್ದದ್ದು ಕಾಲೇಜಿನಲ್ಲಿ ನಾನು ನೀಲಿ ಪೆನ್ನಿನಲ್ಲಿ ಗೀಚಿಕೊಟ್ಟ ಫಾರಂ. ವರ್ಡಾನಾ ಇಲ್ಲ, ಆಬ್ಜೆಕ್ಟಿವ್ ಇಲ್ಲ, ಹವ್ಯಾಸ ಕ್ರಿಕೆಟ್ ನೋಡುವುದು. ಅಪ್ಪ ಹಳೆಯ ಚಹಾದಂಗಡಿಗೆ ಮರಳಿದರು.

ಹೋದ ವರ್ಷ ಅಕ್ಕನ ಮಗಳ ಸ್ಕಾಲರ್‌ಶಿಪ್ಪಿಗೆ ಆದಾಯ ಪ್ರಮಾಣಪತ್ರ ಬೇಕೆಂದು ಊರಿನ ನಾಡಕಚೇರಿಗೆ ಹೋಗಿದ್ದೆ. ಹತ್ತಿರದಲ್ಲೇ ಒಂದು ಜೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎದುರಿಗೆ ಪಹಣಿ, ಪಿಂಚಣಿ, ರೇಷನ್ ಕಾರ್ಡು ಅಂತ ಕಾಗದ ಹಿಡಿದು ನಿಂತ ಮುದುಕರು, ಹೆಂಗಸರು. ಮೇಜಿನ ಆಚೆ ಕೆಂಪು ರೀಫಿಲ್ಲು ಹಿಡಿದು ಅಣ್ಣ. ತಲೆ ನರೆತಿತ್ತು. "ಎಲ್ಲೋ, ತಗಂಬಾ" ಅಂದ, ನಿನ್ನೆಯಷ್ಟೇ ಬಿಟ್ಟುಹೋದವನ ಹಾಗೆ.

ಒಬ್ಬ ಅಜ್ಜಿ ತೆಲುಗಿನಲ್ಲಿ ಅವನನ್ನು ಗದರುತ್ತಿದ್ದಳು, ಒಂದು ಅರ್ಜಿಗೆ ಎಷ್ಟು ಹೊತ್ತೋ ನಿನಗೆ ಎಂದು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಫಾರಮ್ಮನ್ನು ಮೇಲಿನಿಂದ ಕೆಳಗೆ ಓದಿದ, ಹಿಂಬದಿ ತಿರುಗಿಸಿ ಅದನ್ನೂ ಓದಿದ. ಭಾವನ ಇನಿಷಿಯಲ್ಲು ತಪ್ಪು ಬರೆದಿದ್ದೆ, ಸರಿ ಮಾಡಿದ. ಹತ್ತು ರೂಪಾಯಿ ಕೊಡಹೋದರೆ ಕೈ ಸರಿಸಿದ.

"ಎಲ್ಲ ಸರಿ ಐತೆ," ಅಂದ, ಹಾಳೆಯನ್ನು ಬೆಳಕಿಗೆ ಹಿಡಿದು. "ಈ ಫಾರಮ್ಮಲ್ಲಿ ಹವ್ಯಾಸದ ಕಾಲಮ್ಮೇ ಇಟ್ಟಿಲ್ಲ ನೋಡು."