ಒಂದು ಪಾರ್ಟು ಬಾಕಿ

ಎತ್ತು ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಭೋಜದ ನಮ್ಮ ಓಣಿಯ ಬಿಲ್ಡ್ ದಾದಾ ಯಾರ ಮನೆಗೆ ಹೋದರೂ ಮೊದಲು ಕಂಪ್ಯೂಟರಿನ ಮಗ್ಗುಲಿನ ತಗಡು ಬಿಚ್ಚುತ್ತಾನೆ. ಚಹಾ ಆಮೇಲೆ. ಒಳಗೆ ಇಣುಕಿ, ಸಾವಿನ ಮನೆಗೆ ಮಾತಾಡಿಸಲು ಬಂದವನಂತೆ ಉಸಿರು ಬಿಟ್ಟು, "ನಾಕು ಜಿಬಿ ರ‍್ಯಾಮಿನ್ಯಾಗ ಹ್ಯಾಂಗ ಸಂಸಾರ ಮಾಡ್ತೀರಿ ಕಾಕಾ?" ಅನ್ನುತ್ತಾನೆ. ಕಾಕಾ ರ‍್ಯಾಮ್ ಇಲ್ಲದೆಯೇ ಮೂವತ್ತು ವರ್ಷ ಸಂಸಾರ ಮಾಡಿದವರು. ಆದರೂ ಆ ರಾತ್ರಿ ಅವರಿಗೆ ನಿದ್ದೆ ಹತ್ತುವುದಿಲ್ಲ.

ಇಂಥವರು ಈಗ ಊರಿಗೊಬ್ಬರು ಸಿಗುತ್ತಾರೆ. ಅಂಗಡಿಯಿಂದ ಸಿದ್ಧ ಕಂಪ್ಯೂಟರ್ ತಂದವರನ್ನು ಇವರು, ಖಾನಾವಳಿಯ ರೊಟ್ಟಿ ತಿಂದು ಬಂದ ಮೊಮ್ಮಗನನ್ನು ಅಜ್ಜಿ ನೋಡುವಂತೆ ನೋಡುತ್ತಾರೆ.

ದಾದಾನ ಹಳೆಯ ಯಂತ್ರ 2017ರ ರೈಜನ್ ಪೀಳಿಗೆಯದು. ಪ್ರೊಸೆಸರ್ ಒಂದು ಬದಲಿಸಿದರೆ ಸಾಕು ಎಂದೇ ಶುರುವಾಯಿತು. ಅವನು ಆರಿಸಿದ ಪ್ರೊಸೆಸರಿಗೆ 2022ರಲ್ಲಿ ಬಂದ ಎಎಂ5 ಸಾಕೆಟ್ಟೇ ಬೇಕು, ಹಳೆಯ ಬೋರ್ಡಿನಲ್ಲಿ ಅದು ಕೂರುವುದಿಲ್ಲ. ಹೊಸ ಬೋರ್ಡು ಡಿಡಿಆರ್5 ಬಿಟ್ಟು ಬೇರೆ ರ‍್ಯಾಮನ್ನು ಮುಟ್ಟುವುದಿಲ್ಲ. ಇಷ್ಟಾದ ಮೇಲೆ ಹಳೆಯ ಗ್ರಾಫಿಕ್ಸ್ ಕಾರ್ಡು ಬಾಟಲ್‌ನೆಕ್ ಆಯಿತು. ಹೊಸ ಕಾರ್ಡಿಗೆ ಪವರ್ ಸಪ್ಲೈ ಸಾಲಲಿಲ್ಲ, ಕ್ಯಾಬಿನೆಟ್ಟಿನಲ್ಲಿ ಅದರ ಉದ್ದವೂ ಹಿಡಿಯಲಿಲ್ಲ. ಲಂಗೋಟಿ ಕಾಯಲು ಬೆಕ್ಕು ಸಾಕಿದ ಸನ್ಯಾಸಿಯ ಕಥೆ. ಕಡೆಗೆ ಹಳೆಯದರಲ್ಲಿ ಉಳಿದದ್ದು ಮೌಸ್ ಪ್ಯಾಡು.

ದುಡ್ಡು ಕಬ್ಬಿನ ಬಿಲ್ಲಿನದು. ಅಪ್ಪ ತಕರಾರು ಮಾಡಲಿಲ್ಲ, ವ್ಯವಹಾರಸ್ಥರ ಹಾಗೆ ಒಂದೇ ಮಾತು ಕೇಳಿದರು: "ಎಷ್ಟ ಹಲ್ಲಿಂದು?"

"ಎಂಟು ಕೋರ್ ಐತಿ, ಅಪ್ಪಾ."

"ಎಂಟಂದ್ರ ಬಾಯಿಗೂಡೇತಿ. ಇನ್ನ ಮುದಿ ಆಗೂದ ಒಂದ ಬಾಕಿ."

ಯಂತ್ರದ ಬಗ್ಗೆ ಇಷ್ಟು ಸರಿಯಾದ ವಿಮರ್ಶೆ ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ಕಾರ್ಡು ಬರುವ ಹೊತ್ತಿಗೆ ಮಳೆ ಹಿಡಿಯಿತು. ಕಾರದಗಾ ಸೇತುವೆಯ ಮೇಲೆ ದೂಧಗಂಗೆ. ಕೊರಿಯರ್ ಹುಡುಗ ಆ ದಂಡೆಯಿಂದ ಫೋನ್ ಮಾಡಿದ, ದಾದಾ ಕೊಡೆ ಹಿಡಿದು ಈ ದಂಡೆಯಲ್ಲಿ ನಿಂತ. ನಡುವೆ ಕೆಂಪು ನೀರು. ಹೆಂಡತಿ ತವರಿಗೆ ಹೋದಾಗಲೂ ಅವನ ಮುಖ ಅಷ್ಟು ಸಣ್ಣದಾಗಿದ್ದನ್ನು ನಾನು ಕಂಡಿಲ್ಲ.

ಖಾಲಿ ಡಬ್ಬಿಗಳದೇ ಒಂದು ಪುರಾಣ. ಉಟ್ಟ ಬಟ್ಟೆಯನ್ನೂ ತೊರೆದು ಹೋದ ಆಚಾರ್ಯ ಶಾಂತಿಸಾಗರರು ಇದೇ ಭೋಜದ ಮನೆತನದವರು. ದಾದಾ ಥರ್ಮೋಕೋಲನ್ನೂ ತೊರೆಯುವುದಿಲ್ಲ. "ಮುಂದ ಮಾರೂ ಮುಂದ ಡಬ್ಬಿ ಇದ್ರ ರೇಟ್ ಬರ್ತೈತಿ." ನೆರೆ ಬಂದರೆ ಜೋಳದ ಚೀಲ ಏರಿಸಬೇಕಾದ ಅಟ್ಟದಲ್ಲಿ ಈಗ ಡಬ್ಬಿಗಳೇ ತುಂಬಿವೆ.

ಇಷ್ಟೆಲ್ಲ ಯಾವ ಆಟಕ್ಕೆ? ಜಿಟಿಎ 6ಕ್ಕೆ. ಅದು ಮೊದಲು 2025ಕ್ಕೆ ಎಂದಿತ್ತು, ಆಮೇಲೆ 2026ರ ಮೇ, ಆಮೇಲೆ ನವೆಂಬರ್. ಅದೂ ಘೋಷಣೆಯಾದದ್ದು ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸಿಗೆ. ಪಿಸಿಯ ಹೆಸರೇ ಇಲ್ಲವಲ್ಲ ಎಂದರೆ, "ಬಂದ ಮ್ಯಾಲ ಓಡ್ಯಾಡೂದು ಬ್ಯಾಡಂತ ಈಗ ಕಟ್ಟೀನಿ" ಅನ್ನುತ್ತಾನೆ. ಸದ್ಯಕ್ಕೆ ಆ ಯಂತ್ರದಲ್ಲಿ ಓಣಿಯವರ ಪಹಣಿ ತೆಗೆಯುತ್ತಾರೆ. ಗಣಪತಿ ಮಂಟಪದಂತೆ ಏಳು ಬಣ್ಣದಲ್ಲಿ ಮಿಣುಗುವ ಫ್ಯಾನುಗಳ ಮುಂದೆ ಕೂತು ಎಲ್ಲರೂ, ಆ ಕಡೆಯ ಸರ್ವರ್ ಯಾವಾಗ ಎದ್ದೀತು ಎಂದು ಕಾಯುತ್ತಾರೆ.

ಖಂಡೆನವಮಿಗೆ ಟ್ರ್ಯಾಕ್ಟರ್ ಆದ ಮೇಲೆ ಕಂಪ್ಯೂಟರಿನ ಪೂಜೆ. ಅಜ್ಜಿ ಗಾಜಿಗೆ ವಿಭೂತಿ ಎಳೆದು, ಮುಂದೆ ಕಾಯಿ ಒಡೆದು, ಭಕ್ತಿ ಉಕ್ಕಿ ಒಂದು ಮುಷ್ಟಿ ಭಂಡಾರ ತೂರಿದಳು. ಮುಂದಿನ ಮೂರೂ ಫ್ಯಾನುಗಳು ಗಾಳಿ ಒಳಗೆ ಎಳೆಯುವಂಥವು. ಭಂಡಾರವನ್ನೂ ಅಷ್ಟೇ ನಿಷ್ಠೆಯಿಂದ ಎಳೆದುಕೊಂಡವು. ಗಾಜಿನೊಳಗೆ ಕ್ಷಣಕಾಲ ಮೈಲಾರದ ಜಾತ್ರೆ. ಅಜ್ಜಿ ಕೈ ಮುಗಿದಳು, "ದೇವರ ಸ್ವೀಕಾರ ಮಾಡ್ಯಾನ."

ದಾದಾ ಹಲ್ಲುಜ್ಜುವ ಬ್ರಷ್ ಹಿಡಿದು ಎರಡು ದಿನ ಕೂತ. ಹೀಟ್‌ಸಿಂಕಿನ ಒಂದೊಂದು ರೆಕ್ಕೆಯ ಸಂದಿಯಿಂದಲೂ ಅರಿಷಿಣ ಉದುರುತ್ತಿತ್ತು. ಕೂಲರ್ ಬಿಚ್ಚಿದ ಮೇಲೆ ಪ್ರೊಸೆಸರಿಗೆ ಹೊಸ ಥರ್ಮಲ್ ಪೇಸ್ಟ್ ಹಚ್ಚಲೇಬೇಕು. ಕಿರುಬೆರಳಿನಷ್ಟು ಟ್ಯೂಬು ತರಲು ನಿಪ್ಪಾಣಿಗೆ ಹೋದವನು ಸಂಜೆ ಬಂದಾಗ ಬೈಕಿನ ಹಿಂದೆ ಹಗ್ಗದಿಂದ ಬಿಗಿದ ಮೊಣಕಾಲೆತ್ತರದ ಡಬ್ಬಿ.

ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಲೇ ಕೇಳಿದರು: "ಪೇಸ್ಟ ಇಷ್ಟ ದೊಡ್ಡದ ಬರ್ತೈತೇನ?"