ದೇಹಾಂತರ ಮೀಮಾಂಸೆ, ಅಥವಾ ಆಗುಂಬೆಯಲ್ಲಿ ಕ್ಯಾಮೆರಾ ಬಾಡಿ ಬದಲಿಸುವ ವಿಚಾರ

ಇನ್ನು ಬಾಡಿಯ ಜಿಜ್ಞಾಸೆ. ‘ಇನ್ನು’ ಎಂದರೆ ಯಾವುದಾದ ಮೇಲೆ ಎಂದು ಭಾಷ್ಯಕಾರರು ಕೇಳುವುದು ವಾಡಿಕೆ. ಅಡಿಕೆ ಮಂಡಿಯಿಂದ ದುಡ್ಡು ಕೈಗೆ ಬಂದ ಮೇಲೆ ಎಂದು ಉತ್ತರ. ಅದಕ್ಕೂ ಮೊದಲು ಈ ಜಿಜ್ಞಾಸೆ ಯಾರಲ್ಲೂ ಹುಟ್ಟಿದ್ದಕ್ಕೆ ದಾಖಲೆಯಿಲ್ಲ.

ಈ ಶಾಸ್ತ್ರಕ್ಕೆ ಅಧಿಕಾರಿ ದೇವದತ್ತ. ತರ್ಕಗ್ರಂಥಗಳಲ್ಲಿ ಉದಾಹರಣೆ ಬೇಕಾದಾಗಲೆಲ್ಲ ಬಂದು ನಿಲ್ಲುವ ಅದೇ ದೇವದತ್ತ. ಸದ್ಯ ತೀರ್ಥಹಳ್ಳಿ ತಾಲ್ಲೂಕು ಆಗುಂಬೆ ಹೋಬಳಿಯಲ್ಲಿ ತೋಟ ಮಾಡಿಕೊಂಡಿದ್ದಾನೆ. ಅವನ ಬಳಿ ಇರುವುದು 2008ರ ನಿಕಾನ್ ಡಿ90, 12.3 ಮೆಗಾಪಿಕ್ಸೆಲ್. ವಿಡಿಯೊ ತೆಗೆದ ಮೊದಲ ಡಿಎಸ್‌ಎಲ್‌ಆರ್ ಎಂಬ ಕುಲಗೌರವವೂ ಅದಕ್ಕುಂಟು. ಪಕ್ಕದ ತೋಟದ ಯಜ್ಞದತ್ತ 2023ರಲ್ಲಿ ಬಿಡುಗಡೆಯಾದ ಝಡ್8 ತಂದ. 45.7 ಮೆಗಾಪಿಕ್ಸೆಲ್; ಆಗ ಬೆಲೆ ಮೂರು ಲಕ್ಷ ದಾಟಿತ್ತು. ಸಂಶಯ ಹುಟ್ಟಿದ್ದು ಅಲ್ಲಿ. ದೇವದತ್ತನ ಹೆಂಡತಿಗೆ ಶಾಸ್ತ್ರಕಾರರು ಯಾರೂ ಹೆಸರಿಟ್ಟಿಲ್ಲ. ಪೂರ್ವಪಕ್ಷ ಮಾತ್ರ ಆಕೆಯದೇ. ಅದನ್ನು ಆಕೆ ಅಡುಗೆಮನೆಯಿಂದಲೇ ಮಂಡಿಸಿದಳು:

“ಇದ್ದಿದ್ದಕ್ಕೆ ಏನು ಧಾಡಿ ಬಂದಿದೆ ಮಾರಾಯ್ರೇ?”

ಈ ಒಂದು ವಾಕ್ಯವನ್ನು ಖಂಡಿಸಲು ದೇವದತ್ತನಿಗೆ ಆರು ಪ್ರಮಾಣಗಳೂ, ಎಂದರೆ ತಿಳಿಯುವ ಆರು ದಾರಿಗಳೂ, ಬೇಕಾದವು. ಆರನ್ನೂ ಒಪ್ಪುವ ಅದ್ವೈತದ ಪೀಠ ಶೃಂಗೇರಿಯಲ್ಲೇ ಇದೆ, ಆಗುಂಬೆಯಿಂದ ಒಂದು ಗಂಟೆಯ ದಾರಿ. ಆದರೆ ಇಂಥ ವಿಷಯಕ್ಕೆ ಅಲ್ಲಿಗೆ ಹೋಗಿ ಕೇಳುವ ಧೈರ್ಯ ಯಾರಿಗಿದೆ?

ಮೊದಲನೆಯದು ಪ್ರತ್ಯಕ್ಷ. ದೇವದತ್ತ ತನ್ನ ಹಳೆಯ ಕಪ್ಪೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಕಣ್ಣುಗುಡ್ಡೆಯಷ್ಟೇ ಕಾಣುವಂತೆ ಹಿಗ್ಗಿಸಿದ. ನಾಯ್ಸ್ ಕಂಡಿತು, ರವೆ ಚೆಲ್ಲಿದ ಹಾಗೆ. ಆ ಕಣ್ಣನ್ನು ಅಷ್ಟು ಹತ್ತಿರದಿಂದ ಆ ಕಪ್ಪೆಯ ಹೆಂಡತಿಯೂ ನೋಡಿರಲಾರಳು ಎಂಬ ಆಕ್ಷೇಪವನ್ನು ಆತ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇಲ್ಲಿ ಒಂದು ನಿಯಮವನ್ನು ಸ್ಥಾಪಿಸಬಹುದು: ಅಡಿಕೆಯಲ್ಲಿ ಬೆಟ್ಟೆ, ರಾಶಿ, ಸರಕು, ಗೊರಬಲು, ಯಾವುದರ ಧಾರಣೆ ಏರಿದರೂ ಹಳೆಯ ಸೆನ್ಸರಿನಲ್ಲಿ ನಾಯ್ಸ್ ಏರುತ್ತದೆ. ಕೊಳೆರೋಗ ಬಂದು ಕಾಯಿ ಉದುರಿದ ವರ್ಷ ಅದೇ ಚಿತ್ರ ನುಣ್ಣಗೆ ಕಾಣುತ್ತದೆ.

ಎರಡನೆಯದು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂಬುದು ಇದಕ್ಕೆ ಹಳೆಯ ಉದಾಹರಣೆ. ಅದನ್ನು ಬರೆದವರು ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತಿದವರಲ್ಲ. ಇಲ್ಲಿ ಹೊಗೆಯ ಹಾಗೆ ಏಳುವುದೆಲ್ಲ ಮಂಜು. ವರ್ಷಕ್ಕೆ ಸರಾಸರಿ ಸುಮಾರು 7,600 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಬಚ್ಚಲೊಲೆಗೆ ಬೆಂಕಿ ಹಿಡಿಸುವುದೇ ಒಂದು ಸಾಧನೆ. ‘ಪಿಕ್ಸೆಲ್ ಜಾಸ್ತಿಯಾದ್ದರಿಂದ ಚಿತ್ರ ಚೆಂದ’ ಎಂಬ ಅನುಮಾನವೂ ಇದೇ ಜಾತಿಯದು. ಡಿ90 ಚಿತ್ರದ ಅಗಲ 4,288 ಪಿಕ್ಸೆಲ್, ಝಡ್8 ಚಿತ್ರದ್ದು 8,256. ಒಟ್ಟು ಪಿಕ್ಸೆಲ್ ಮೂರೂವರೆ ಪಟ್ಟು ಮೀರಿದರೂ ಅಗಲ ಎರಡು ಪಟ್ಟು ಕೂಡ ಆಗಲಿಲ್ಲ. ಎ4 ಹಾಳೆಯ ಮೇಲೆ ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಲು 9 ಮೆಗಾಪಿಕ್ಸೆಲ್ ಸಾಕು. ದೇವದತ್ತನಾದರೂ ಅಚ್ಚು ಹಾಕಿಸುವುದಿಲ್ಲ; ವಾಟ್ಸಾಪಿನಲ್ಲಿ ಭಾವಂದಿರಿಗೆ ಕಳಿಸುತ್ತಾನೆ. ಅದು ಎರಡೂ ಕ್ಯಾಮೆರಾಗಳ ಚಿತ್ರವನ್ನು ಭೇದವೆಣಿಸದೆ ಹಿಂಡಿ ಹಿಪ್ಪೆ ಮಾಡುತ್ತದೆ. ಅದ್ವೈತ ಅಲ್ಲಿ ಸಿದ್ಧಿಸುತ್ತದೆ.

ಉಪಮಾನ ಎಂದರೆ ಯಜ್ಞದತ್ತನ ಕ್ಯಾಮೆರಾ. ಇದನ್ನು ಬೆಳೆಸುವುದು ಬೇಡ, ನೆರೆಹೊರೆ ಕೆಡುತ್ತದೆ.

ಶಬ್ದಪ್ರಮಾಣಕ್ಕೆ ಆಪ್ತರು, ಎಂದರೆ ಮಾತು ನಂಬಬಹುದಾದವರು, ಬೇಕು. ಕಂಪನಿ ಕೊಟ್ಟ ಕ್ಯಾಮೆರಾ ಹಿಡಿದು ಅದೇ ಕಂಪನಿಯನ್ನು ಹೊಗಳುವವರು ಆಪ್ತರೋ ಅಲ್ಲವೋ ಎಂಬ ಚರ್ಚೆ ಯೂಟ್ಯೂಬಿನಷ್ಟು ಉದ್ದವಿದೆ. ಅಂಥ ಆಪ್ತರನ್ನು ನಮ್ಮ ರಾಜ್ಯದೊಳಗೇ ಹುಡುಕಿದರೆ, ದೇವರಾಜ ಅರಸರ ಸರಕಾರದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಕಪ್ಪು-ಬಿಳುಪು ಫಿಲ್ಮಿನಲ್ಲಿ ಕಾಡುಪ್ರಾಣಿಗಳ ಚಿತ್ರ ತೆಗೆದು ಹೊರದೇಶಗಳಲ್ಲೂ ಹೆಸರಾದರು. ರಾಜ್ಯದ ಬಜೆಟ್ಟನ್ನೇ ಮಂಡಿಸಿದವರ ಮೇಲ್ಪಂಕ್ತಿಗೆ ಈ ವಿಷಯದಲ್ಲಿ ವಿಶೇಷ ಬೆಲೆಯಿರಬೇಕು. ಒಂದು ರೋಲಿಗೆ 36 ಚಿತ್ರ ಎಂಬ ಕಾಲ ಅದು. ದೇವದತ್ತ ಒಂದು ಕೆಂಬೂತಕ್ಕೆ ಅಷ್ಟನ್ನು ಖರ್ಚು ಮಾಡುತ್ತಾನೆ.

ಅರ್ಥಾಪತ್ತಿ ಅವನಿಗೆ ತಿರುಗುಬಾಣವಾಯಿತು. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಶಾಸ್ತ್ರಪ್ರಸಿದ್ಧ. ಹೆಂಡತಿ ಇದನ್ನೇ ಅನ್ವಯಿಸಿದಳು: ಗೊಬ್ಬರದ ಬಾಕಿ ತೀರಿಲ್ಲ, ಕೊಟ್ಟಿಗೆಗೆ ಹೆಂಚು ಬಂದಿಲ್ಲ, ಮಂಡಿಯ ದುಡ್ಡೂ ಕಾಣುವುದಿಲ್ಲ, ಆದ್ದರಿಂದ ಪಾರ್ಸಲ್ಲೊಂದು ಯಜ್ಞದತ್ತನ ಮನೆಗೆ ಬಂದು ಕೂತಿದೆ. (ಬಂದಿರಲಿಲ್ಲ. ಬುಕ್ ಮಾಡಲು ನೆಟ್‌ವರ್ಕ್ ಸಿಕ್ಕಿರಲಿಲ್ಲ.)

ಆಗುಂಬೆಯ ನಿಜವಾದ ಕೊಡುಗೆಯಿರುವುದು ಆರನೆಯ ಪ್ರಮಾಣಕ್ಕೆ. ಅನುಪಲಬ್ಧಿ: ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಇದನ್ನು ಕಲಿಸಲು ಸೂರ್ಯಾಸ್ತ ವೀಕ್ಷಣಾ ಸ್ಥಳಕ್ಕಿಂತ ಒಳ್ಳೆಯ ಪಾಠಶಾಲೆ ಬೇರಿಲ್ಲ. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಪಶ್ಚಿಮಕ್ಕೆ ಅರಬ್ಬಿ ಸಮುದ್ರದ ಮೇಲೆ ಸೂರ್ಯ ಮುಳುಗುವುದು ಕಾಣುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೆಚ್ಚಿನ ದಿನ ಕಾಣುವುದು ಮುಂದೆ ನಿಂತವರ ಕೊಡೆ. ಆ ಬಿಳಿ ಮಂಜನ್ನು 12.3 ಮೆಗಾಪಿಕ್ಸೆಲ್‌ನಲ್ಲಿ ತೆಗೆದರೂ 45.7ರಲ್ಲಿ ತೆಗೆದರೂ ಬಿಳಿಯೇ. ವ್ಯತ್ಯಾಸ ಹಾರ್ಡ್‌ಡಿಸ್ಕಿನಲ್ಲಿ ಹಿಡಿಯುವ ಜಾಗದ್ದು ಮಾತ್ರ.

ಇಷ್ಟಾದರೂ ದೇವದತ್ತ ಸೋಲಲಿಲ್ಲ. ಗೀತೆಯ ಎರಡನೆಯ ಅಧ್ಯಾಯವನ್ನೇ ಎಳೆದು ತಂದ: ದೇಹಿಯು ಜೀರ್ಣವಾದ ದೇಹ ಬಿಟ್ಟು ಹೊಸದನ್ನು ಹೊಗುವುದು ಸಹಜ, ಲೆನ್ಸೇ ಆತ್ಮ, ಬಾಡಿ ನಶ್ವರ. ಮಾತು ಸುಳ್ಳಲ್ಲ. ಲೆನ್ಸನ್ನು ಬಾಡಿಗೆ ಸೇರಿಸುವ ನಿಕಾನಿನ ಎಫ್ ಮೌಂಟ್ 1959ರಿಂದ ನಡೆದುಬಂದದ್ದು. ಅಷ್ಟು ಕಾಲ ಆತ್ಮಗಳು ದೇಹದಿಂದ ದೇಹಕ್ಕೆ ಬಹುಮಟ್ಟಿಗೆ ನಿರಾತಂಕವಾಗಿ ದಾಟಿದವು. 2018ರಲ್ಲಿ ಝಡ್ ಮೌಂಟ್ ಬಂತು. ಈಗ ನಡುವೆ ಎಫ್‌ಟಿಝಡ್ ಎಂಬ ಅಡಾಪ್ಟರ್ ಬೇಕು. ಅದರೊಳಗೆ ಮೋಟಾರ್ ಇಲ್ಲ. ದೇವದತ್ತನ ಹಳೆಯ ಎಎಫ್-ಡಿ ಲೆನ್ಸಿಗೋ ಫೋಕಸ್ ತಿರುಗಿಸುವ ಮೋಟಾರ್ ಬಾಡಿಯೊಳಗಿಂದಲೇ ಬರಬೇಕು. ಡಿ90ಯಲ್ಲಿ ತಾನಾಗಿ ಫೋಕಸ್ ಆಗುತ್ತಿದ್ದ ಆತ್ಮ, ಮೂರು ಲಕ್ಷದ ದೇಹಕ್ಕೆ ಹೋದಮೇಲೆ ಕೈಯಲ್ಲಿ ತಿರುಗಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥ ಪುನರ್ಜನ್ಮವನ್ನು ಗೀತೆ ಮುಂಗಂಡಿರಲಿಲ್ಲ. ಇನ್ನು ಕಾಳಿಂಗ ಸರ್ಪದ ಮಾದರಿಯಿದೆ. 2005ರಲ್ಲಿ ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದು ಈ ಹಾವಿನ ಸಲುವಾಗಿ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ್ದು ಬೇರೆಯೇ ಪ್ರಭೇದವೆಂದು ತೀರ್ಮಾನಿಸಿ ‘ಕಾಳಿಂಗ’ ಎಂದೇ ಶಾಸ್ತ್ರೀಯ ಹೆಸರು ಕೊಟ್ಟರು. ಬಾಡಿ ಬದಲಿಸದೆ, ಕಾಸು ಖರ್ಚಿಲ್ಲದೆ ಅಪ್‌ಗ್ರೇಡ್ ಆದ ಏಕೈಕ ಪ್ರಾಣಿ.

ಸಿದ್ಧಾಂತಕ್ಕೆ ಮುನ್ನ ಬೂಷ್ಟಿನ ಮಾತು. ಮಳೆಗಾಲದಲ್ಲಿ ಇಲ್ಲಿನ ಕಾಡಿನಲ್ಲಿ ಕೊಳೆತ ಕಟ್ಟಿಗೆಯ ಮೇಲೆ ಬೆಳೆಯುವ ಶಿಲೀಂಧ್ರ ರಾತ್ರಿ ಹಸಿರಾಗಿ ಬೆಳಗುತ್ತದೆ. ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಲೆನ್ಸಿನೊಳಗೆ ಬೆಳೆಯುವ ಶಿಲೀಂಧ್ರ ಬೆಳಗುವುದಿಲ್ಲ, ಯಾರೂ ಬರುವುದಿಲ್ಲ. ಗಾಳಿಯ ತೇವ ಶೇ. 70ರ ಮೇಲೆ ದಿನಗಟ್ಟಲೆ ನಿಂತರೆ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಎಳೆ ಬಿಟ್ಟು, ಆಮ್ಲ ಸೂಸಿ, ಲೇಪನವನ್ನು ತಿನ್ನುತ್ತದೆ. ಇದರ ಮುಂದೆ ಡಿ90, ಝಡ್8 ಎರಡೂ ಒಂದೇ ಜಾತಿ. ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸಿಡುವುದು ಮಲೆನಾಡಿನ ಉಪಾಯ, ಕರೆಂಟು ಇದ್ದರೆ.

ಸಿದ್ಧಾಂತ ಹೀಗೆ. ಬೆಳಗುವ ಶಿಲೀಂಧ್ರಕ್ಕೆ ಟ್ರೈಪಾಡ್ ಹೂಡಿ, ಶಟರ್ ಬಹಳ ಹೊತ್ತು ತೆರೆದಿಟ್ಟು, ಜಿಗಣೆಗೆ ರಕ್ತ ಕೊಡುತ್ತ ನಿಂತರೆ ಡಿ90 ಸಾಕು. ಸೂರ್ಯಾಸ್ತಕ್ಕೆ ಡಿಸೆಂಬರ್ ಸಾಕು. ಆದರೆ ಜುಲೈ ತಿಂಗಳ ಮಬ್ಬಿನಲ್ಲಿ, ಕಾಡಿನ ಚಪ್ಪರದಡಿ, ಮಂಗಟ್ಟೆ ಹಕ್ಕಿಯನ್ನು ಹಾರುವಾಗಲೇ ಹಿಡಿಯಬೇಕೆಂಬ ಹಟವಿದ್ದರೆ ದೇವದತ್ತನ ಪಕ್ಷಕ್ಕೂ ಹುರುಳಿದೆ: ಡಿ90ಯ 11 ಫೋಕಸ್ ಬಿಂದು, ಸೆಕೆಂಡಿಗೆ 4.5 ಚಿತ್ರ, 3,200ರ ಐಎಸ್‌ಒ ಅದಕ್ಕೆ ಸಾಲುವುದಿಲ್ಲ. ಆಗಲೂ ಝಡ್8 ಬೇಡ. 2016ರ ಡಿ500 ಸೆಕೆಂಡ್ ಹ್ಯಾಂಡ್ ನೋಡಲಿ. 153 ಬಿಂದು, ಸೆಕೆಂಡಿಗೆ 10 ಚಿತ್ರ, 51,200ರವರೆಗೆ ಐಎಸ್‌ಒ. ಮೌಂಟ್ ಅದೇ, ಒಳಗೆ ಮೋಟಾರೂ ಇದೆ. ಉಳಿದ ದುಡ್ಡಿನಲ್ಲಿ ಮೊದಲು ತೇವ ತಡೆಯುವ ಪೆಟ್ಟಿಗೆ, ಆಮೇಲೆ ಕೊಟ್ಟಿಗೆಗೆ ಹೆಂಚು. ಪೂರ್ವಪಕ್ಷ ಮುಕ್ಕಾಲು ಪಾಲು ಗೆದ್ದಿದೆ.

ಓದುಗರಲ್ಲಿ ಯಾರಾದರೂ ಇದೇ ದಾರಿ ಹಿಡಿಯುವವರಿದ್ದರೆ ಶಟರ್ ಎಷ್ಟು ಸಲ ಬಿದ್ದಿದೆಯೆಂದು ಕೇಳಿ. ಡಿ500 ಶಟರನ್ನು ಪರೀಕ್ಷಿಸಿರುವುದು 2 ಲಕ್ಷ ಸಲಕ್ಕೆ. ಜತೆಗೆ ಲೆನ್ಸ್ ಕೊಟ್ಟರೆ ಟಾರ್ಚ್ ಹಾಯಿಸಿ ಒಳಗೆ ಬೂಷ್ಟು ಇದೆಯೇ ನೋಡಿ. ಮಾರುವವರು ಆಗುಂಬೆಯವರಾದರೆ ಎರಡು ಸಲ ನೋಡಿ.